ಮುದುಕಿಯ ಹೊಟ್ಟೆಯ ಗಡ್ಡೆ

೧೯೫೪ರಲ್ಲಿ ನಾನು ಗಜೇಂದ್ರಗಡದ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಡಾಕ್ಟರು ರೋಣದಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಅವರು ಬರುವ ಮೊದಲೇ ಪೇಷಂಟಿನ ಹೆಸರು, ವಯಸ್ಸು, ಬೇನೆ ಬರೆದಿಡುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ನೇಕಾರ ಈರಪ್ಪ ತನ್ನ ಹೆಂಡತಿ ಶಂಕ್ರವ್ವನನ್ನು ಚಕ್ಕಡಿಯಲ್ಲಿ ಕರೆತಂದ. ಸೊರಗಿದ ಮುಖ, ಎರಡು ಹಲ್ಲು ಇಲ್ಲ, ಹೊಟ್ಟೆ ಉಬ್ಬಿದೆ.

"ನಮ್ಮ ಮುದುಕಿ ಹೊಟ್ಟ್ಯಾಗ ಗಡ್ಡಿ ಬೆಳದೈತ್ರಿ, ಅಕ್ಕಾರ."

"ಮುಟ್ಟು ನಿಂತೈತೇನ, ಆಯಿ?" ಎಂದು ಕೇಳಿದೆ.

"ನಿಂತು ಭಾಳ ದಿನ ಆತ್ರಿ. ಮೊಮ್ಮಗ ಹುಟ್ಟಿದ ಮ್ಯಾಲ ಅದೆಲ್ಲಾ ಯಾಕ್ರಿ?"

ನಾನೂ ಅದೇ ಸೀಮೆಯವಳು. ಮಗಳು ಹಡೆದಳೆಂದರೆ ತಾಯಿ ಅಂದಿನಿಂದಲೇ ಊರಿಗೆಲ್ಲ ಮುದುಕಿ, ಎಲ್ಲರ ಬಾಯಲ್ಲೂ ಆಯಿ. ಕೇಳುವ ಗೋಜಿಗೂ ಹೋಗದೆ ವಯಸ್ಸು ೫೫ ಎಂದು ಬರೆದುಬಿಟ್ಟೆ. ಗಂಡಸು ಮುಟ್ಟುವುದು ಬೇಡವೆಂದು ಶಂಕ್ರವ್ವ ಹಟ ಹಿಡಿದದ್ದರಿಂದ ಡಾಕ್ಟರು ನನ್ನ ಬರಹವನ್ನೇ ನಂಬಿ, ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸಿರೆಂದು ಚೀಟಿ ಕೊಟ್ಟರು.

ಬೆಂಚಿನ ಮೇಲೆ ಕೂತ ಶಂಕ್ರವ್ವ ಗಂಡನಿಗೆ, "ನಾ ಹೊಳ್ಳಿ ಬರಲಿಲ್ಲಂದ್ರ ಮಗ್ಗದ ಮ್ಯಾಲಿನ ಸೀರಿ ನೀವ ಮುಗಸ್ರಿ," ಎನ್ನುತ್ತಿದ್ದಳು. ಅಷ್ಟರಲ್ಲಿ ಕೂಸನ್ನು ಬಗಲಲ್ಲಿಟ್ಟುಕೊಂಡು ಅವಳ ಮಗಳು ಅಳುತ್ತ ಓಡಿಬಂದಳು. ನೋಡಿದರೆ ಇನ್ನೂ ಹುಡುಗಿ!

"ನಿನಗೆಷ್ಟವಾ ವಯಸ್ಸು?"

"ಹದಿನಾರ್ರಿ. ನಮ್ಮವ್ವಗ ನಾ ಒಬ್ಬಾಕೇರಿ."

"ದೊಡ್ಡಾಕ್ಯಾಗಿ ಮೂರ ವರ್ಷಕ್ಕ ಈಕಿ ಹುಟ್ಟಿದ್ಳ್ರಿ," ಎಂದಳು ಶಂಕ್ರವ್ವ.

ಬೆರಳು ಮಡಿಸಿ ಲೆಕ್ಕ ಹಾಕಿದೆ. ಹದಿನಾಲ್ಕಕ್ಕೆ ಮೈನೆರೆದಳೆಂದರೂ ಹೆಚ್ಚೆಂದರೆ ಮೂವತ್ತಮೂರು! ನನಗಾಗ ಮೂವತ್ತಾರು, ಮಕ್ಕಳಿಲ್ಲದ ನಾನು ಊರಿಗೆಲ್ಲ ಅಕ್ಕ, ನನಗಿಂತ ಚಿಕ್ಕವಳು ನನಗೇ ಆಯಿ!

ಅವಳನ್ನು ಒಳಗೆ ಮಲಗಿಸಿ, ಕೂಸಿನ ಎದೆಬಡಿತ ಕೇಳುವ ಮರದ ನಳಿಗೆಯನ್ನು ಹೊಟ್ಟೆಗೆ ಹಚ್ಚಿ ಕಿವಿಗೊಟ್ಟೆ.

"ಈ ಗಡ್ಡಿ ಅಲಗಾಡತೈತೇನ?"

"ದಿನಾ ಒದೀತೈತ್ರಿ."

"ಎಲ್ಲ್ಯಾರ ಗಡ್ಡಿ ಒದೀತೈತೇನ, ಹುಚ್ಚವ್ವ? ನೀ ಬಸರ ಅದೀ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯ ಶಿವನ! ಮೊಮ್ಮಗನ್ನ ಎತ್ತೋ ವಯಸ್ಸಿನ್ಯಾಗ! ಮಂದಿ ನಗತಾರ್ರೀ..." ಸ್ವಲ್ಪ ಹೊತ್ತಿಗೆ ಸೆರಗು ಸರಿಸಿ, "ಅಂದ್ರ... ನಾ ಸಾಯಂಗಿಲ್ಲೇನ್ರಿ?" ಎಂದು ಕೇಳಿದಳು. ಇಬ್ಬರೂ ಕೈ ಹಿಡಿದುಕೊಂಡು ನಕ್ಕೆವು, ಅತ್ತೆವು. ಡಾಕ್ಟರಿಂದ ಚೆನ್ನಾಗಿ ಬೈಸಿಕೊಂಡೆ. ಆವತ್ತು ಆ ಬೈಗುಳವೂ ಹಿತವಾಗಿತ್ತು.

ಅಂದಿನಿಂದ, ಮನೆಯವರು ಏನೆಂದು ಕರೆದರೂ ಚೊಚ್ಚಲ ಮಗುವಿನ ವಯಸ್ಸು ಕೇಳದೆ ನಾನು ಯಾವ ಹೆಂಗಸಿನ ವಯಸ್ಸನ್ನೂ ಬರೆದವಳಲ್ಲ.

ಎರಡು ತಿಂಗಳಿಗೆ ಶಂಕ್ರವ್ವ ಹೆಣ್ಣು ಹಡೆದಳು. ಹೊರಗೆ ನಿಂತಿದ್ದ ಈರಪ್ಪ, "ನಮ್ಮ ಮುದು..." ಎಂದು ಶುರುಮಾಡಿ, ನನ್ನ ಮುಖ ನೋಡಿ ತಡೆದ. ಆಮೇಲೆ ಮೆಲ್ಲಗೆ ಕೇಳಿದ:

"ನಮ್ಮ ಶಂಕ್ರಿ ಹ್ಯಾಂಗ ಅದಾಳ್ರಿ?"