ಬದುಕಿದ್ದವರಿಗೆ ಮಣ್ಣು

ಮಹಾನಂದಾ ನನ್ನ ರೊಟ್ಟಿ ಕೇಂದ್ರಕ್ಕೆ ಬಂದ ಮೊದಲನೇ ದಿನ ನಾನು ಅವಳನ್ನು ನೋಡಿ ನಕ್ಕಿದ್ದೆ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಕೇಂದ್ರ. ಆರು ಜನ ಹೆಂಗಸರು ಬೆಳಿಗ್ಗೆಯಿಂದ ಖಡಕ್ ರೊಟ್ಟಿ ಬಡಿಯುತ್ತಾರೆ, ನಾನು ಅವರನ್ನು ಬಯ್ಯುತ್ತೇನೆ. ಹದಿನೆಂಟು ವರ್ಷದಿಂದ ಹೀಗೇ ನಡೆದಿದೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಅಂದೇ ಕೆಲಸಕ್ಕೆ ಸೇರಿದ್ದ ಈ ಹೆಂಗಸು ತಾಟು ಮುಂದಿಟ್ಟುಕೊಂಡು ಕೈಕಟ್ಟಿ ಕೂತಿದ್ದಳು.

"ಉಣ್ಣಲೇನ್ರಿ ಅಕ್ಕಾರ?"

"ಉಣ್ಣಾಕೂ ಪಂಚಾಂಗ ತಗಸಬೇಕೇನ ನಿಂಗ?" ಅಂದು ನಾನು ನಕ್ಕೆ. ಉಳಿದವರೂ ನಕ್ಕರು. ಅವಳು ನಗಲಿಲ್ಲ. ನೀರು ಕುಡಿಯಲು ಕೇಳಿದಳು, ಬಚ್ಚಲಿಗೆ ಹೋಗಲು ಕೇಳಿದಳು. ಸಂಜೆ ಹೊರಡಲು ಕೇಳಿದ್ದು ನನ್ನ ಕಿವಿಗೆ ಬೀಳದೆ ನಾನು ಒಳಗೆ ಹೋದೆ. ಮುಕ್ಕಾಲು ತಾಸು ಬಿಟ್ಟು ಬಂದು ನೋಡಿದರೆ ಬಾಗಿಲ ಹತ್ತಿರ ನಿಂತೇ ಇದ್ದಳು. ನಲವತ್ತರ ಸಮೀಪದ, ಗಟ್ಟಿಮುಟ್ಟಾದ ಹೆಂಗಸು. ಆಗ ನನ್ನ ನಗು ನಿಂತಿತು.

ಅವಳ ಕಥೆ ನನಗೆ ಒಂದೇ ದಿನಕ್ಕೆ ಸಿಗಲಿಲ್ಲ. ಹಿಟ್ಟು ನಾದುವಾಗ ಒಂದಿಷ್ಟು, ಒಲೆ ಆರಿಸುವಾಗ ಒಂದಿಷ್ಟು ಹೇಳುತ್ತಿದ್ದಳು. ನಡುವೆ ನಾನು ಬಾಯಿ ಹಾಕಿದರೆ ತಿಂಗಳುಗಟ್ಟಲೆ ಸುಮ್ಮನಾಗುತ್ತಿದ್ದಳು. ನನ್ನ ಬಾಯಿಗೆ ಬೀಗ ಹಾಕುವುದು ಎಷ್ಟು ಕಷ್ಟದ ಕೆಲಸ ಅಂತ ಓಣಿಗೆಲ್ಲ ಗೊತ್ತು.

ಅವಳ ಗಂಡನ ಊರು ನೇಸರಗಿ. ಗಂಡ ದುರ್ಗಪ್ಪ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಮಗಳು ರೇಣು ಮೂರು ವರ್ಷದವಳಿದ್ದಾಗ ಎಂಟು ತಿಂಗಳ ಗಂಡುಕೂಸು ತೀರಿಕೊಂಡಿತು. ಮಹಾನಂದಾ ಅನ್ನ ನೀರು ಬಿಟ್ಟಳು. ಬಂಧುಬಳಗದವರು ಎರಡು ದಿನ ಬಂದು, ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ಆಮೇಲೆ ಬಂದವರು 'ಒಂದೇ ಮನೆ' ಎಂಬ ಬಳಗದ ಇಬ್ಬರು ಹೆಂಗಸರು. ಅವರು ಬುದ್ಧಿ ಹೇಳಲಿಲ್ಲ. ಕಸ ಹೊಡೆದರು, ಅಡುಗೆ ಮಾಡಿದರು, ರೇಣುವಿನ ತಲೆ ಬಾಚಿದರು, ಮಹಾನಂದಾಳ ಪಕ್ಕದಲ್ಲಿ ಮಾತಿಲ್ಲದೆ ಕೂತರು. ಹೀಗೆ ನಲವತ್ತು ದಿನ. ಅಂಥವರು ಕರೆದರೆ ಯಾರು ಹೋಗುವುದಿಲ್ಲ? ನಾನಾದರೂ ಹೋಗುತ್ತಿದ್ದೆ.

ಸವದತ್ತಿ ದಾಟಿ ರಾಮದುರ್ಗದ ದಾರಿಯಲ್ಲಿ, ಎರೆ ಹೊಲದ ನಡುವೆ, ತಗಡಿನ ಸಾಲುಮನೆಗಳು, ಸುತ್ತ ಗೋಡೆ, ಒಂದು ಗೇಟು. ಅದೇ ಒಂದೇ ಮನೆ. ಅಲ್ಲಿ ಅಪ್ಪ, ಅವ್ವ, ಗಂಡ, ಹೆಂಡತಿ ಅನ್ನುವ ಮಾತು ಆಡುವಂತಿಲ್ಲ. ಎಲ್ಲರೂ ಎಲ್ಲರಿಗೂ 'ಬಂಧು'. ಮಕ್ಕಳಿಗೆ ಬೇರೆ ಸಾಲು. ರೇಣು ತನ್ನ ತಾಯಿಯನ್ನು ಬಂಧು ಅಂತಲೇ ಕರೆದು ಬೆಳೆದಳು. ಎಲ್ಲರ ಅಪ್ಪ ಅವ್ವನನ್ನು ಕಿತ್ತುಕೊಂಡ ಆ ಬಳಗದ ಗುರು ಮಾತ್ರ ತನ್ನನ್ನು 'ಹಿರಿಯಣ್ಣ' ಅಂತ ಕರೆಸಿಕೊಳ್ಳುತ್ತಿದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಅನ್ನುತ್ತಾರಲ್ಲ, ಅಂಥ ಆಸಾಮಿ. ಉಣ್ಣಲು, ಮಲಗಲು, ಔಷಧ ತೆಗೆದುಕೊಳ್ಳಲು ಅವನ ಅಪ್ಪಣೆ ಬೇಕು.

ಬಿಟ್ಟು ಹೋದವರಿಗೆ ಏನು ಮಾಡುತ್ತಿದ್ದರು ಎಂಬುದನ್ನು ಹೇಳಲು ಮಹಾನಂದಾ ಒಂದು ವರ್ಷ ತೆಗೆದುಕೊಂಡಳು. ನಮ್ಮ ಕಡೆ ಸತ್ತವರನ್ನು ಹೂಳುವುದಕ್ಕೆ ಮಣ್ಣು ಕೊಡುವುದು ಅನ್ನುತ್ತೇವೆ. ಅಲ್ಲಿ ಬಿಟ್ಟು ಹೋದವರಿಗೆ ಮಣ್ಣು ಕೊಡುತ್ತಿದ್ದರು. ಹಿತ್ತಲಲ್ಲಿ ಗುಂಡಿ ತೋಡಿ, ಅವರ ಬಟ್ಟೆಗಳನ್ನು ಅದರಲ್ಲಿಟ್ಟು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮೊದಲ ಹಿಡಿ ರಕ್ತಸಂಬಂಧಿಯದು. ಅಲ್ಲಿಗೆ ಆ ಮನುಷ್ಯ ಸತ್ತ ಹಾಗೆ. ಅವನ ಹೆಸರು ಎತ್ತುವಂತಿಲ್ಲ. ಎದುರಿಗೆ ಬಂದು ನಿಂತರೂ ಕಣ್ಣಿಗೆ ಕಾಣಬಾರದು.

ದುರ್ಗಪ್ಪ ಆರು ವರ್ಷ ಇದ್ದ. ಹೋಗೋಣ ಬಾ ಅಂತ ಹೆಂಡತಿಯನ್ನು ಕರೆದ. ಅವಳು ಹೋಗಿ ಹಿರಿಯಣ್ಣನಿಗೆ ವರದಿ ಒಪ್ಪಿಸಿದಳು. ಒಂದು ಬೆಳಿಗ್ಗೆ ಅವನು ಸವದತ್ತಿ ಪೇಟೆಗೆ ಬದನೆಕಾಯಿ ಒಯ್ದವನು ತಿರುಗಿ ಬರಲಿಲ್ಲ. ಮೂರನೇ ದಿನ ಗುಂಡಿ ತೋಡಿದರು. ಹೆಂಡತಿ ರಕ್ತಸಂಬಂಧಿ ಅಲ್ಲ, ಹಾಗಾಗಿ ಮೊದಲ ಹಿಡಿ ಒಂಬತ್ತು ವರ್ಷದ ರೇಣುವಿನದು. ಮಗು ಹಿಂಜರಿಯಿತು. ಮಹಾನಂದಾ ಮಗಳ ಕೈಗೆ ಮಣ್ಣು ತುಂಬಿ, ತನ್ನ ಕೈಯಿಂದಲೇ ಆ ಕೈ ಹಿಡಿದು ಹಾಕಿಸಿದಳು. ಆಮೇಲೆ ತಾನು ತಾಳಿ, ಕಾಲುಂಗುರ ತೆಗೆದಿಟ್ಟಳು.

ಸತ್ತವನು ಭಾನುವಾರ ಭಾನುವಾರ ಗೇಟಿಗೆ ಬರತೊಡಗಿದ. ಕೈಯಲ್ಲಿ ಬಾಳೆಹಣ್ಣು. "ಮಹಾನಂದಾ, ನೋಡ ಇಲ್ಲೆ, ನಾ ಬದುಕೇನಿ" ಅಂತ ಕೂಗುತ್ತಿದ್ದ. ರೇಣು ಒಮ್ಮೆ ಆ ಕಡೆ ಓಡಿದಳು. ಮಹಾನಂದಾ ಅವಳ ರಟ್ಟೆ ಹಿಡಿದು ಹೇಳಿದಳು: "ಅಲ್ಲಿ ಯಾರೂ ಇಲ್ಲ. ಏನ ಕೇಳಿಸ್ತು ನಿಂಗ? ಏನೂ ಕೇಳಿಸಿಲ್ಲ." ಹನ್ನೊಂದು ತಿಂಗಳಾದ ಮೇಲೆ ಅವನು ಬರುವುದು ನಿಂತಿತು.

ಇದನ್ನು ಕೇಳಿದ ದಿನ ನನಗೆ ತಡೆಯಲಾಗಲಿಲ್ಲ. "ನೀ ಹೆಂಗಸೋ ಏನ ಕಲ್ಲೋ? ನಾನಾಗಿದ್ರ ಆ ಮಣ್ಣ ಹಿರಿಯಣ್ಣನ ಬಾಯಾಗ ಹಾಕತಿದ್ನಿ" ಅಂದೆ.

ಅಲ್ಲಿ ಕಾಂತೇಶನೂ ಇದ್ದ. ಊರಲ್ಲಿ ಶಾಲೆಯ ವ್ಯಾನು ಓಡಿಸುತ್ತಾನೆ. ಅವನೂ ಎಂಟು ವರ್ಷ ಒಂದೇ ಮನೆಯಲ್ಲಿದ್ದು ಹೊರಬಿದ್ದವನು. ಗುಂಡಿ ತೋಡುವ ಕೆಲಸ ಅವನದೇ ಆಗಿತ್ತು. ದುರ್ಗಪ್ಪನದನ್ನೂ ಅವನೇ ತೋಡಿದ್ದ, ಆಮೇಲೆ ಮಹಾನಂದಾಳದನ್ನೂ ಅವನೇ ತೋಡಿದ್ದ. ಈಗ ಇಬ್ಬರೂ ಎದುರುಬದುರು ಕೂತು ಚಹಾ ಕುಡಿಯುತ್ತಾರೆ.

"ನೀವಾಗಿದ್ರೂ ಹಾಕ್ತಿದ್ರಿ ಅಕ್ಕಾರ" ಅಂದ ಕಾಂತೇಶ, ಮೆಲ್ಲಗೆ. "ಮೊದಲ ದಿನ ಯಾರೂ ಮಣ್ಣ ಹಾಕ ಅನ್ನಂಗಿಲ್ಲ. ಮೊದಲ ದಿನ ತಲಿ ಬಾಚ್ತಾರ, ಉಣ್ಣಾಕ ಕೊಡ್ತಾರ. ಮಣ್ಣ ಹಾಕ ಅನ್ನೂ ಹೊತ್ತಿಗೆ ನಿಮ್ಮ ಕೈ ನಿಮ್ಮದ ಉಳದಿರಂಗಿಲ್ಲ."

"ಅಲ್ಲಿ ಹಾಡ ಮಾತ್ರ ಬಾಳ ಚಲೋ ಇದ್ವು" ಅಂದಳು ಮಹಾನಂದಾ. ಕಾಂತೇಶ ಹೌದೆಂದು ತಲೆಯಾಡಿಸಿದ. ನನಗೆ ಮೈ ಉರಿಯಿತು.

ಹೊರಗೆ ಬಂದ ಬಗೆಯನ್ನು ಕೇಳಿದರೆ ಅವಳು ಹೇಳುವುದು ಇಷ್ಟೇ: "ನಾ ಬಿಟ್ಟ ಬಂದಾಕಿ ಅಲ್ರಿ. ನಂಗೇನ ಅಷ್ಟ ಧೈರ್ಯ ಎಲ್ಲಿತ್ತು?" ರೇಣುವಿಗೆ ಹದಿನೈದು ವರ್ಷವಾದಾಗ ಇವಳಿಗೆ ಹಲ್ಲಿನ ಬೇರಲ್ಲಿ ಕೀವು ತುಂಬಿ ಮುಖ ಊದಿತು. ಹಿರಿಯಣ್ಣ ಪ್ರಾರ್ಥನೆ ಮಾಡು ಅಂದ. ಒಂಬತ್ತು ದಿನ ಮಾಡಿದಳು. ಹತ್ತನೇ ದಿನ ನೋವು ತಾಳದೆ, ಯಾರನ್ನೂ ಕೇಳದೆ, ತರಕಾರಿ ಟೆಂಪೊದಲ್ಲಿ ಸವದತ್ತಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಅದೇ ಸಂಜೆ ತಿರುಗಿ ಬಂದಳು. ಗೇಟು ಮುಚ್ಚಿತ್ತು. ಅವಳಿಗೆ ಮೂರು ದಿನವೂ ಕಾಯಲಿಲ್ಲ; ಮಧ್ಯಾಹ್ನವೇ ಮಣ್ಣು ಕೊಟ್ಟಾಗಿತ್ತು. ಮೊದಲ ಹಿಡಿ ರೇಣುವಿನದು. ಈ ಸಲ ಯಾರೂ ಅವಳ ಕೈ ಹಿಡಿಯಬೇಕಾಗಿರಲಿಲ್ಲ.

ಎರಡು ದಿನ ಗೇಟಿನ ಹೊರಗೆ ಕೂತಳು. ರೇಣು ಕೊಡ ಹೊತ್ತು ನಾಲ್ಕು ಸಲ ಆ ಕಡೆ ಹಾದು ಹೋದಳು. "ಹೊಳ್ಳಿ ನೋಡ್ಲಿಲ್ಲ. ಭೇಷ್ ಕಲತಿದ್ಲು. ಕಲಿಸಿದಾಕಿ ನಾನ ಅಲ್ಲೇನ್ರಿ?"

ಅಲ್ಲಿಂದ ಎದ್ದು ನೇಸರಗಿಗೆ ಹೋದಳು, ಗಂಡನ ಕಾಲು ಹಿಡಿಯೋಣ ಅಂತ. ಬಾಗಿಲು ತೆರೆದವಳು ದುರ್ಗಪ್ಪನ ಅಕ್ಕ ರಾಚವ್ವ. ಅವನು ಕಾಮಾಲೆಯಾಗಿ ಸತ್ತು ಐದು ವರ್ಷವಾಗಿತ್ತು. ಗೇಟಿಗೆ ಬರುವುದನ್ನು ನಿಲ್ಲಿಸಿದ್ದು ಅದಕ್ಕೆ. ಕೊನೆಗಾಲದಲ್ಲಿ ಹೆಂಡತಿ ಮಗಳನ್ನು ನೋಡಬೇಕು ಅಂದಿದ್ದ, ಹೇಳಿಕಳಿಸಿದ್ದರು. ಆ ಮನುಷ್ಯ ನಮ್ಮ ಪಾಲಿಗೆ ಯಾವತ್ತೋ ಸತ್ತಿದ್ದಾನೆ ಅಂತ ಗೇಟಿನಿಂದಲೇ ಜವಾಬು ಬಂದಿತ್ತು. ರಾಚವ್ವ ಒಂದು ತಂಬಿಗೆ ನೀರು ಕೊಟ್ಟು, "ಕುಡಿ, ಕುಡದು ಹೋಗ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ" ಅಂದಳು. ಹೀಗೆ ಅವಳು ಬೈಲಹೊಂಗಲದ ಬಸ್ಸು ಹತ್ತಿದ್ದು.

ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಅವಳನ್ನು ಪೊಲೀಸರ ಹತ್ತಿರ ಕರೆದುಕೊಂಡು ಹೋದೆ. ಅವರೂ ನಮ್ಮ ಜೊತೆ ಗೇಟಿನವರೆಗೆ ಬಂದರು. ರೇಣು ಹೊರಗೆ ಬಂದು, ತಾಯಿ ಎದುರಿಗೇ ನಿಂತಿರುವಾಗ, "ನಮ್ಮ ತಾಯಿ ತೀರ್ಕೊಂಡಾರ್ರಿ, ನಾ ಇಲ್ಲೇ ಇರತೇನಿ" ಅಂದಳು. ಹುಡುಗಿ ಇನ್ನೂ ಸಣ್ಣವಳು, ಅರ್ಜಿ ಕೊಟ್ಟರೆ ಬಿಡಿಸಿ ತರಬಹುದು ಅಂತ ಪೊಲೀಸರು ಹೇಳಿದರು. ಮಹಾನಂದಾ ಒಪ್ಪಲಿಲ್ಲ. "ಒಮ್ಮೆ ಅಕಿ ಕೈ ಹಿಡದ ಜುಲುಮಿ ಮಾಡೇನಿ. ಇನ್ನೊಮ್ಮೆ ಒಲ್ಲೆ" ಅಂದಳು. ನಾನು ದಾರಿಯುದ್ದಕ್ಕೂ ಬಯ್ದೆ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇಷ್ಟು ವರ್ಷ ಅವಳು ಬೇಡಿದ್ದು ಒಂದೇ. ಮಗಳು ಬರಲಿ ಅಂತಲೂ ಅಲ್ಲ. ತಾನು ಬದುಕಿದ್ದೇನೆ ಅನ್ನುವುದನ್ನು ಮಗಳು ಒಮ್ಮೆ ಒಪ್ಪಿದರೆ ಸಾಕು.

ಕಳೆದ ಹುಣ್ಣಿಮೆಯ ಹಿಂದಿನ ದಿನ ಕಾಂತೇಶ ಸುದ್ದಿ ತಂದ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಉಗರಗೋಳದಲ್ಲಿ ಒಂದೇ ಮನೆಯವರು ನೀರಿನ ಅರವಟ್ಟಿಗೆ ಇಟ್ಟಿದ್ದಾರೆ, ರೇಣು ಅಲ್ಲಿ ನೀರು ಕೊಡುತ್ತಿದ್ದಾಳೆ ಅಂದ. ಮಾರನೇ ದಿನ ಕೇಂದ್ರಕ್ಕೆ ರಜೆ ಕೊಟ್ಟು ನಾನೂ ಅವಳೂ ಸವದತ್ತಿ ಬಸ್ಸು ಹಿಡಿದೆವು.

ಹತ್ತೊಂಬತ್ತರ ಹುಡುಗಿ, ಬಿಳಿ ಸೀರೆ, ತಂದೆಯ ಮೂಗಂತೆ. ಸಾಲಿನಲ್ಲಿ ನಿಂತವರಿಗೆಲ್ಲ ಕುಡಿಯಿರಿ ಕುಡಿಯಿರಿ ಅಂತ ನೀರು ಹಾಕುತ್ತಿದ್ದಳು. ಮಹಾನಂದಾ ಸಾಲಿನಲ್ಲಿ ನಿಂತಳು, ನಾನು ಅವಳ ಹಿಂದೆ. ಮುಂದಿದ್ದ ಮುದುಕನಿಗೆ ನೀರು ಹಾಕಿದ ರೇಣು, ಮಹಾನಂದಾಳ ಬೊಗಸೆಯನ್ನು ದಾಟಿ ಚರಿಗೆಯನ್ನು ನನ್ನ ಕಡೆ ಚಾಚಿದಳು. ನನ್ನ ಬಾಯಿಗೆ ಬೈಗುಳ ಬಂದಿತ್ತು. ಮಹಾನಂದಾ ನನ್ನ ಕೈ ಒತ್ತಿ, ಮಗಳ ಮುಖವನ್ನೂ ನೋಡದೆ, ನೀರಿನ ಹರವಿಯನ್ನು ನೋಡುತ್ತ ಮಾತಾಡಿದಳು.

"ನಿಮ್ಮಪ್ಪ ಗೇಟಿಗೆ ಬರತಿದ್ದ. ಖರೇನ ಬರತಿದ್ದ. ನಿಂಗ ಕಂಡಿದ್ದು ಖರೇ, ಕೇಳಿಸಿದ್ದು ಖರೇ. ಯಾರೂ ಇಲ್ಲ ಅಂದಾಕಿ ನಾ ಸುಳ್ಳಿ. ಅಂವ ಬರೂದ ಬಿಟ್ಟಿದ್ದು ನಿನ್ನ ಮರತಲ್ಲ, ಸತ್ತ. ನೇಸರಗಿಯಾಗ ರಾಚವ್ವ ಅತ್ತಿ ಹೊಲದಾಗ ಅದಾನ. ಇಷ್ಟ ಹೇಳಾಕ ಬಂದಿದ್ನಿ."

ಬಳಗದ ಗಂಡಸೊಬ್ಬ ಜೋರಾಗಿ ಭಜನೆ ಎತ್ತಿದ. ರೇಣು ಮುಂದಿನವರಿಗೆ ನೀರು ಹಾಕಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು, "ಗ್ವಾಡಿಗೆ ಹೇಳಿದಂಗಾತು ತಗಿ" ಅಂದುಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಎಂಟು ದಿನವಾದ ಮೇಲೆ ಕಾಂತೇಶ ಏದುಸಿರು ಬಿಡುತ್ತ ಬಂದ. ಒಂದೇ ಮನೆಗೆ ದನದ ಹಿಂಡಿ ಮಾರುವವನೊಬ್ಬ ಹೇಳಿದನಂತೆ: ಮೊನ್ನೆ ಮತ್ತೆ ಗುಂಡಿ ತೋಡಿದ್ದಾರೆ, ರೇಣುವಿಗೆ ಮಣ್ಣು ಕೊಟ್ಟಿದ್ದಾರೆ. ಮಹಾನಂದಾ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಹಾಗೇ ಬಿಟ್ಟು ಎದ್ದಳು. ಡಬ್ಬಿಯಿಂದ ಬೆಲ್ಲ ತೆಗೆದು ಎಲ್ಲರ ಬಾಯಿಗೂ ಹಾಕಿದಳು. "ನನ್ನ ಮಗಳಿಗೆ ಮಣ್ಣ ಕೊಟ್ಟಾರಂತ್ರಿ! ಮಣ್ಣ ಕೊಟ್ಟಾರಂತ!" ಅಂತ ಮನೆಗೆ ಹಬ್ಬ ಬಂದ ಹಾಗೆ ಓಡಾಡಿದಳು. ಬೇರೆ ಹೆಂಗಸರು ಹೆದರಿ ನೋಡುತ್ತಿದ್ದರು. ನನಗೆ ಬೇರೆಯೇ ಚಿಂತೆ. ಹುಡುಗಿ ಹೊರಗೆ ಬಂದಿದ್ದರೆ ಎಲ್ಲಿ ಹೋದಳು? ಅವರು ಕೊಡುವ ಮಣ್ಣು ಇಷ್ಟು ದಿನ ಸುಳ್ಳಾಗಿತ್ತು ನಿಜ, ಈ ಸಲವೂ ಸುಳ್ಳೇ ಆಗಿರಬೇಕು ಅಂತ ಯಾವ ನೇಮ?

ಮರುದಿನ ಮಧ್ಯಾಹ್ನ ರಾಚವ್ವನ ಫೋನು ಬಂತು. ಮಹಾನಂದಾ ನನ್ನ ಕೇಂದ್ರದಲ್ಲಿರುವುದನ್ನು ಯಾರಿಂದಲೋ ಕೇಳಿ ತಿಳಿದು, ನನ್ನ ನಂಬರನ್ನು ರೊಟ್ಟಿ ಪ್ಯಾಕೆಟ್ಟಿನ ಮೇಲೆ ನೋಡಿ ಮಾಡಿದ್ದಳು. ರೇಣು ಮೂರು ದಿನದ ಹಿಂದೆಯೇ ನೇಸರಗಿಗೆ ಬಂದಿದ್ದಾಳೆ, ಹೊಲಕ್ಕೆ ಹೋಗಿ ತಂದೆಯ ಗದ್ದುಗೆಯ ಹತ್ತಿರ ದಿನವಿಡೀ ಕೂತಿದ್ದಳು, ಈಗ ತನ್ನ ಮನೆಯಲ್ಲೇ ಇದ್ದಾಳೆ ಅಂದಳು. ಆಮೇಲೆ ತಾಯಿಗೊಂದು ಮಾತು ಮುಟ್ಟಿಸು ಅಂತ ಹುಡುಗಿ ಹೇಳಿದ್ದನ್ನು ಹೇಳಿದಳು. ಫೋನು ಇಟ್ಟಾಗ ಮಹಾನಂದಾ ನನ್ನ ಎದುರಿಗೇ ನಿಂತಿದ್ದಳು.

"ಏನಂದ್ಲ್ರಿ ಅಕ್ಕಾರ?"

ಸುಳ್ಳು ಹೇಳಬೇಕು ಅನಿಸಿತು. ಆದರೆ ಈ ಹೆಂಗಸಿಗೆ ಇಷ್ಟು ವರ್ಷ ಎಲ್ಲರೂ ಸುಳ್ಳೇ ಹೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "'ಅವ್ವ ಬೈಲಹೊಂಗಲದಾಗ ಅದಾಳಂತ ನಂಗೊತ್ತೈತಿ. ಆದ್ರ ನಾ ಅಕಿ ಮಾರಿ ನೋಡಂಗಿಲ್ಲ. ಅಪ್ಪನ್ನ ಒಂದ ಮಾತ ಆಡಸಾಕ ನನ್ನ ಬಿಡಲಿಲ್ಲ ಅಕಿ. ನಾ ಸಾಯೂ ಮಟಾ ಅಕಿನ್ನ ಮಾಫ್ ಮಾಡಂಗಿಲ್ಲ' ಅಂದಾಳ."

"ಅವ್ವ ಅಂದ್ಲೇನ್ರಿ?"

"ಅಂದಾಳ."

"ಸಿಟ್ಟ ಬಾಳ ಐತೇನ್ರಿ ನನ್ನ ಮ್ಯಾಲ?"

"ಬಾಳ ಐತಿ ಮಹಾನಂದಾ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಸತ್ತವ್ರ ಮ್ಯಾಲ ಯಾರೂ ಇಷ್ಟ ಸಿಟ್ಟ ಮಾಡಂಗಿಲ್ಲ ಅಕ್ಕಾರ" ಅಂದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾಲ್ಕು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.