ಪಾಲಿಗೆ ಕೊಟ್ಟ ಆಡುಗಳು

ಪಿಂಚಣಿ ತರಲು ಲಿಂಗಸುಗೂರಿನ ಬ್ಯಾಂಕಿಗೆ ಹೋದಾಗ ಅಲ್ಲಿಯ ಗುಮಾಸ್ತರು ಕೈಗೊಂದು ತೆಳುವಾದ ಪುಸ್ತಕ ಕೊಟ್ಟರು. ಹೂಡಿಕೆಯ ವಿಷಯ ಹೊಸದಾಗಿ ಕಲಿಯುವವರಿಗಾಗಿ ಮಾಡಿದ್ದಂತೆ. ನನ್ನ ವಯಸ್ಸಿಗೆ ಹೊಸಬ ಎನ್ನಿಸಿಕೊಳ್ಳುವ ಭಾಗ್ಯ ದಿನಾ ಸಿಗುವುದಿಲ್ಲ. ಸಿಂಧನೂರಿನ ಬಸ್ಸು ಹತ್ತಿ, ಮಸ್ಕಿ ಬರುವವರೆಗೆ ಓದೋಣವೆಂದು ಬಿಡಿಸಿಕೊಂಡು ಕೂತೆ. ಅಸಲು, ಲಾಭಾಂಶ, ನಷ್ಟದ ಸಂಭವ ಎಂದು ಒಂದೊಂದು ಪದಕ್ಕೂ ಎರಡೆರಡು ಸಾಲಿನ ಅರ್ಥ ಬರೆದಿದ್ದರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮೂಗಿಗೆ ಆಡಿನ ವಾಸನೆ ಬಡಿಯಿತು. ಪಕ್ಕದಲ್ಲಿ ಕೂತ ಹೆಂಗಸಿನ ಸೆರಗಿನೊಳಗಿಂದ ಮೂತಿ ಹೊರಗೆ ಚಾಚಿದ್ದ ಒಂದು ಮರಿ, ನನ್ನ ಪುಸ್ತಕದ ಮೂಲೆಯನ್ನು ಆಗಲೇ ಮೆಲ್ಲುತ್ತಿತ್ತು. ಗಡಬಡಿಸಿ ಕಸಿದುಕೊಂಡೆ. ಆಕೆ ನಕ್ಕು, ತನ್ನದು ಲಿಂಗಸುಗೂರೆಂದೂ ಸಿಂಧನೂರಿನಲ್ಲಿ ಒಬ್ಬರಿಗೆ ಈ ಮರಿಯನ್ನು ಪಾಲಿಗೆ ಕೊಡಲು ಒಯ್ಯುತ್ತಿರುವೆನೆಂದೂ ಹೇಳಿದಳು.

ಪಾಲಿಗೆ ಎಂಬ ಆ ಒಂದು ಮಾತಿಗೆ ನನ್ನ ಓದು ಅಲ್ಲಿಗೇ ನಿಂತಿತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಿಮ್ಮ ಆಡನ್ನು ಇನ್ನೊಬ್ಬರ ಮನೆಯಲ್ಲಿ ಬಿಡುತ್ತೀರಿ. ಮೇಯಿಸುವುದು, ಕಾಯುವುದು ಅವರ ಪಾಡು, ಹಾಲೂ ಅವರದೇ. ಈದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಿಮಗೆ. ಪುಸ್ತಕದ ಭಾಷೆಯಲ್ಲಿ ಆಡು ಅಸಲು, ಮರಿ ಲಾಭಾಂಶ. ಇಷ್ಟನ್ನು ತಿಳಿಸಲು ಅವರು ಆರು ಪುಟ ತೆಗೆದುಕೊಂಡಿದ್ದರು. ನಮ್ಮ ನೀಲಮ್ಮತ್ತೆಗೆ ಒಂದು ಪುಟವೂ ಬೇಕಿರಲಿಲ್ಲ, ಅಕ್ಷರವೇ ಬರುತ್ತಿರಲಿಲ್ಲ.

ನಿಜಾಮರ ಕಾಲದ ಮಾತು. ನೀಲಮ್ಮತ್ತೆ ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಮಸ್ಕಿಯ ನಮ್ಮ ಮನೆಗೆ ಬಂದಿದ್ದಳು. ಬರುವಾಗ ಆಕೆಯ ಹತ್ತಿರ ಇದ್ದದ್ದು ಎರಡು ಆಡು ಮತ್ತು ಒಂದು ಆಸೆ. ತನ್ನದೇ ಎರಡು ಅಂಕಣದ ಮನೆ ಕಟ್ಟಿಸಬೇಕು ಎಂಬುದೇ ಆ ಆಸೆ. ನಮ್ಮಲ್ಲಿ ಆಕೆಗೆ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಒಲೆ ನನ್ನ ತಾಯಿಯದು. ತನ್ನನ್ನು ನೋಡಲು ಯಾರಾದರೂ ಬಂದರೆ, ಒಂದು ರೊಟ್ಟಿ ಬಡಿಯಲೂ ಅತ್ತೆ ತಮ್ಮನ ಹೆಂಡತಿಯ ಮುಖ ನೋಡಬೇಕಾಗುತ್ತಿತ್ತು.

ಹನ್ನೊಂದು ವರ್ಷದಲ್ಲಿ ಆ ಎರಡು ಆಡು ಹತ್ತೊಂಬತ್ತಾದವು. ನಡುವೆ ಕೆಲವನ್ನು ಮಾರಿ ಹಳ್ಳದ ದಂಡೆಗೆ ಒಂದು ತುಂಡು ಜಾಗ ಕೊಂಡಳು. ಮತ್ತೆ ಕೆಲವನ್ನು ಮಾರಿ ಬೇವಿನ ಕಟ್ಟಿಗೆಯ ಬಾಗಿಲ ಚೌಕಟ್ಟು ಮಾಡಿಸಿ, ನಮ್ಮ ಕೊಟ್ಟಿಗೆಯ ಗೋಡೆಗೆ ಆನಿಸಿ ನಿಲ್ಲಿಸಿದ್ದಳು. ಹಬ್ಬ ಬಂದರೆ ಅದಕ್ಕೂ ಅರಿಶಿನ ಕುಂಕುಮ. ಗೋಡೆಯಿಲ್ಲದ ಬಾಗಿಲಿಗೆ ಪೂಜೆಯೇನೆಂದು ನಾವು ನಗುತ್ತಿದ್ದೆವು. ಇನ್ನೆರಡು ವರ್ಷಕ್ಕೆ ಗೋಡೆ ಏಳುತ್ತವೆ ಎಂದು ಆಕೆಯ ಅಂದಾಜು.

ಆಡುಗಳು ಮಾತ್ರ ಒಂದು ಕಡೆ ಇರಲಿಲ್ಲ. ಆರು ಮಸ್ಕಿಯಲ್ಲಿ, ಐದಾರು ಲಿಂಗಸುಗೂರಿನಲ್ಲಿ, ಉಳಿದವು ಸಿಂಧನೂರಿನ ಹುಸೇನಮ್ಮ ಎಂಬ ಮುದುಕಿಯ ಹಟ್ಟಿಯಲ್ಲಿ. ತಿಂಗಳಿಗೊಮ್ಮೆ ಅತ್ತೆ ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದ ಒಂದೇ ಒಳ್ಳೆಯ ಸೀರೆಯುಟ್ಟು, ಆಡು ನೋಡಿ ಬರುತ್ತೇನೆಂದು ಬಾಡಿಗೆ ಬಂಡಿ ಹತ್ತುತ್ತಿದ್ದಳು. ಒಂದು ತಿಂಗಳು ಆ ಊರು, ಒಂದು ತಿಂಗಳು ಈ ಊರು. ಎರಡು ದಿನ ಬಿಟ್ಟು ತಿರುಗಿ ಬರುತ್ತಿದ್ದಳು.

ಇಂಥದರಲ್ಲಿ ನಾನು ಶಾಣ್ಯಾನಾದೆ. ಉರ್ದು ಶಾಲೆ ಮುಗಿಸಿ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಮುಂದೆ ನೌಕರಿ ಸಿಕ್ಕೀತೆಂದು ಸಂಬಳವಿಲ್ಲದೆ ದುಡಿಯುವ ಉಮೇದುವಾರನಾಗಿದ್ದೆ. ಜೇಬಿನಲ್ಲಿ ನಿಜಾಮರ ಒಂದು ಹಾಲಿ ರೂಪಾಯಿಯೂ ಇಲ್ಲದವನಿಗೆ ರೂಪಾಯಿಯ ಬಗ್ಗೆ ಎಷ್ಟು ಜ್ಞಾನವಿರುತ್ತದೆ ನೋಡಿ! ಅಸಲಿಗೆ ಸರ್ಮಾಯಾ, ಲಾಭಕ್ಕೆ ಮುನಾಫಾ, ಹಾನಿಗೆ ನುಕ್ಸಾನ್ ಎನ್ನುವುದನ್ನು ಕಲಿತು ಬಂದಿದ್ದೆ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸಬೇಕಿತ್ತು, ಅತ್ತೆ ಸಿಕ್ಕಳು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂಡಿಸಿಕೊಂಡು ಕಾಗದದಲ್ಲಿ ಬರೆದು ತೋರಿಸಿದೆ. ಅರ್ಧ ಮರಿ ಪಾಲಿನವರಿಗೆ ಹೋಗುವುದು ನುಕ್ಸಾನ್. ಬಂಡಿ ಬಾಡಿಗೆ ನುಕ್ಸಾನ್. ಎಲ್ಲ ಆಡುಗಳನ್ನೂ ಮಸ್ಕಿಯ ಒಂದೇ ಹಟ್ಟಿಗೆ ತಂದು ಜೋಳದ ಕೂಲಿಗೆ ಒಬ್ಬ ಕಾಯುವವನನ್ನು ಇಟ್ಟರೆ, ಮರಿಯೆಲ್ಲ ನಿನ್ನವೇ, ಎರಡು ವರ್ಷದ ಮನೆ ಒಂದೇ ವರ್ಷಕ್ಕೆ ಏಳುತ್ತದೆ ಎಂದೆ. ಅತ್ತೆ ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟಳು.

"ಇರ್ಲಿ ಬಿಡಪ. ಅಲ್ಲಿ ಚೊಲೋ ಅದಾವು," ಎಂದಳು.

ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅಕ್ಷರ ಬಾರದವರು ಅಂಜುತ್ತಾರೆ ಎಂದುಕೊಂಡು ಒಂದು ತಿಂಗಳು ಬೆನ್ನು ಹತ್ತಿದೆ. ಕಡೆಗೆ ಆ ಚೌಕಟ್ಟನ್ನು ತೋರಿಸಿ, ಅದಕ್ಕೆ ಗೆದ್ದಲು ಹತ್ತುವವರೆಗೆ ಕಾಯುತ್ತೀಯಾ ಎಂದೆ. ಆ ಮಾತಿಗೆ ಸೋತಳು.

ಆಡು ತರಲು ನಾನೇ ಹೋದೆ. ಸಿಂಧನೂರಿನಲ್ಲಿ ಹುಸೇನಮ್ಮ ಒಂದೊಂದರ ಕೊರಳ ಹಗ್ಗವನ್ನೂ ತಡವಿ ನೋಡಿ ಕೈಗೆ ಕೊಟ್ಟಳು. "ನೀಲಮ್ಮಗ ನಮ್ಮ ಮ್ಯಾಲ ಸಿಟ್ಟು ಬಂದೈತೇನಪ?" ಎಂದು ಕೇಳಿದಳು. ಆಕೆಗೂ ಮುನಾಫಾದ ಅರ್ಥ ವಿವರಿಸಿ ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹಟ್ಟಿಗೆ ರೋಗ ಬಂತು. ಮೊದಲು ಒಂದರ ಮೂಗು ಸೋರಿತು, ಮರುದಿನ ನಾಲ್ಕರದು. ಹತ್ತು ದಿನದಲ್ಲಿ ಹಟ್ಟಿ ಖಾಲಿ. ಆ ವರ್ಷ ಲಿಂಗಸುಗೂರಿನ ಆಡುಗಳಿಗಾಗಲಿ ಸಿಂಧನೂರಿನ ಆಡುಗಳಿಗಾಗಲಿ ಏನೂ ಆಗಿರಲಿಲ್ಲ. ಅಲ್ಲಿದ್ದರೆ ಹದಿಮೂರು ಉಳಿಯುತ್ತಿದ್ದವು. ಈ ಲೆಕ್ಕವನ್ನು ಮಾತ್ರ ನಾನು ಕಾಗದದಲ್ಲಿ ಬರೆದು ಯಾರಿಗೂ ತೋರಿಸಲಿಲ್ಲ.

ಅತ್ತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಮೂರು ದಿನ ಊಟ ಬಿಟ್ಟು ಕೂತಾಗ ತಟ್ಟೆ ತಂದು ಮುಂದಿಟ್ಟು, "ನಿನ್ನ ಲೆಕ್ಕ ಏನ್ ತಪ್ಪಿರಲಿಲ್ಲೋ. ಉಣ್ಣು," ಎಂದಳು. ಅಷ್ಟೇ. ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳುವುದು ಆಮೇಲೆ ನಿಂತಿತು. ಸಂಜೆ ಕಟ್ಟೆಯ ಮೇಲೆ ಕೂತು ಸಿಂಧನೂರಿನ ಕಡೆ ಹೋಗುವ ಬಂಡಿಗಳನ್ನು ನೋಡುತ್ತಿದ್ದಳು. ಆಡುಗಳ ಕೊರಗೆಂದು ನಾನು ತಿಳಿದೆ. ಹಳ್ಳದ ದಂಡೆಯ ಜಾಗ ಹಾಗೇ ಉಳಿಯಿತು. ನನ್ನ ಮದುವೆಯಾದಾಗ ತಂದೆ ನನಗಾಗಿ ಒಂದು ಕೋಣೆ ಕಟ್ಟಿಸಿದರು. ಅದಕ್ಕೆ ತನ್ನ ಚೌಕಟ್ಟನ್ನು ಕೊಟ್ಟವಳು ಅತ್ತೆಯೇ. ಇವತ್ತಿಗೂ ದಿನಾ ಆ ಹೊಸ್ತಿಲು ದಾಟುತ್ತೇನೆ. ಆಕೆ ಮಾತ್ರ ನನ್ನ ತಾಯಿಯ ಒಲೆಯ ರೊಟ್ಟಿ ತಿನ್ನುತ್ತಲೇ ಕಣ್ಣು ಮುಚ್ಚಿದಳು.

ಬಸ್ಸು ಮಸ್ಕಿಯ ಗುಡ್ಡ ಕಾಣುವಲ್ಲಿಗೆ ಬಂದಿತ್ತು. ಅಂದು ಅತ್ತೆಯನ್ನು ಕೇಳದ ಮಾತನ್ನು ಗುರುತಿಲ್ಲದ ಈ ಹೆಂಗಸನ್ನು ಕೇಳಿದೆ. ಲಿಂಗಸುಗೂರಿನಲ್ಲೇ ಸಾಕಬಹುದಲ್ಲ, ಇಷ್ಟು ದೂರ ಯಾಕೆ?

ರೋಗ ಬಂದರೆ ಎಲ್ಲ ಒಮ್ಮೆಗೇ ಹೋಗಬಾರದಲ್ಲ ಎಂದಳು. ಹಂಚಿ ಹೂಡುವುದು, ಅದು ಪುಸ್ತಕದಲ್ಲೂ ಇತ್ತು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಮರಿಯ ಕಿವಿ ಸವರಿದಳು.

"ಅಲ್ಲಿ ನಮ್ಮ ಗೆಳತಿ ಅದಾಳ್ರೀ. ಸುಮ್ಮನ ಹೋಗಿ ಬರ್ತೀನಿ ಅಂದ್ರ ಮನ್ಯಾಗ ಯಾರು ಕಳಸ್ತಾರ? ಆಡು ನೋಡಿ ಬರ್ತೀನಿ ಅಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ."

ಆ ಬಂಡಿ ಬಾಡಿಗೆಯನ್ನು ನಾನು ನುಕ್ಸಾನ್ ಎಂದು ಬರೆದಿದ್ದೆ. ಅತ್ತೆಗೆ ಹೋಗಲು ಇದ್ದ ಎರಡು ಮನೆಗಳನ್ನೂ ಹಗ್ಗ ಹಿಡಿದು ಎಳೆದು ತಂದವನು ನಾನೇ.

ಮರಿ ಮತ್ತೆ ಪುಸ್ತಕಕ್ಕೆ ಬಾಯಿ ಹಾಕಿತು. ಆಕೆ ತಡೆಯಲು ಹೋದಳು. ತಿನ್ನಲಿ ಬಿಡವ್ವ ಎಂದು ನಾನು ಪುಸ್ತಕವನ್ನು ಇನ್ನಷ್ಟು ಹತ್ತಿರ ಹಿಡಿದೆ.