ಕೋಳಿ ಕಾವು ಕೊಟ್ಟ ಥರ್ಮೋಸ್ಟಾಟ್

ಗಾವಡಗೆರೆಯ ಜವರೇಶ ಬೋರ್‌ವೆಲ್ ಮೋಟರ್ ರಿಪೇರಿಯಲ್ಲಿ ಪಳಗಿದವನು. ಶಾಖ ನೋಡಿಕೊಂಡು ಕರೆಂಟ್ ಬದಲಿಸುವ ಥರ್ಮೋಸ್ಟಾಟನ್ನು ಮೊದಲ ಸಲ ಮುಟ್ಟಿದ್ದು ಮಾತ್ರ ಪಕ್ಕದ ಮನೆಯ ಸಾಕಮ್ಮನಿಗಾಗಿಯೇ. ಕಾವಿಗೆ ಕೂರಲು ಒಂದೇ ಕೋಳಿ ಇದ್ದುದರಿಂದ, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯೊಂದನ್ನು ಮಾಡಿಕೊಡು ಎಂದು ಆಕೆ ಕೇಳಿದ್ದಳು. ಪೆಟ್ಟಿಗೆ ತಣ್ಣಗಾದರೆ ಬಲ್ಬ್ ಹೊತ್ತಬೇಕು, ಬಿಸಿಯಾದರೆ ಬಲ್ಬ್ ಆರಿ ಫ್ಯಾನ್ ತಿರುಗಬೇಕು.

ವೈರಿಂಗ್ ಮುಗಿಸಿದ ಜವರೇಶ ಕಾಫಿ ಕುಡಿದು ಬಂದು ಸ್ವಿಚ್ ಹಾಕಿದ. ಪೆಟ್ಟಿಗೆ ತಣ್ಣಗಿದ್ದರೂ ಫ್ಯಾನ್ ಗಿರ್ರನೆ ತಿರುಗಿತು, ಬಲ್ಬ್ ಹೊತ್ತಲೇ ಇಲ್ಲ. ವೈರುಗಳನ್ನೆಲ್ಲ ಬಿಚ್ಚಿ ನೋಡಿ ಮತ್ತೆ ಜೋಡಿಸಿದ. ಆಗಲೂ ಫ್ಯಾನೇ ತಿರುಗಿತು.

“ಮಿಷನ್ನೇ ಕೆಟ್ಟೋಗೈತೆ ಕಣಕ್ಕ, ಅಂಗಡಿಯೋನು ಮೋಸ ಮಾಡವ್ನೆ” ಎಂದು ಬೈದ.

ಸಾಕಮ್ಮ ಥರ್ಮೋಸ್ಟಾಟ್‌ನಿಂದ ಹೊರಟ, ಶಾಖ ಅಳೆಯುವ ವೈರಿನ ಜಾಡು ಹಿಡಿದು ಹೋಗಿ ನೋಡಿದಳು. ಅದರ ತುದಿಯನ್ನು ಪೆಟ್ಟಿಗೆಯೊಳಗೆ ಬಿಡಲು ಜವರೇಶ ಮರೆತಿದ್ದ. ಮೂಲೆಯ ಮಂಕರಿಯಲ್ಲಿದ್ದ ಕೋಳಿ ಅದನ್ನು ಹೊಟ್ಟೆಯಡಿ ಎಳೆದುಕೊಂಡು ಮೊಟ್ಟೆಗಳ ಜೊತೆ ಕಾವು ಕೊಡುತ್ತಿತ್ತು.

“ಮಿಷನ್ ಸರಿಯಾಗೇ ಐತೆ ಕಣ್ಲಾ, ಕೋಳಿ ಅದ್ನೂ ಮರಿ ಮಾಡಕ್ಕೆ ಒಂಟೈತೆ!”

ತುದಿ ಎಳೆಯಲು ಹೋದ ಜವರೇಶನಿಗೆ ಕೋಳಿ ಬಲವಾಗಿಯೇ ಕುಕ್ಕಿತು. ಕೊನೆಗೆ ಸಾಕಮ್ಮನೇ ಬಿಡಿಸಿಕೊಟ್ಟಳು. ವೈರಿನ ತುದಿ ಪೆಟ್ಟಿಗೆಯೊಳಗೆ ಹೋಗಿ ಸ್ವಲ್ಪ ಹೊತ್ತಿಗೆ ಫ್ಯಾನ್ ನಿಂತು ಬಲ್ಬ್ ಹೊತ್ತಿಕೊಂಡಿತು. ಜವರೇಶ ಬೆರಳನ್ನು ಬಾಯಲ್ಲಿಟ್ಟುಕೊಂಡೇ ನಕ್ಕ.